ಊರ ಸುದ್ದಿಗೊಂದು ಮನೆ

ಶಿವರಾತ್ರಿ ಕಳೆದು ಹೊಂಗೆ ಚಿಗುರುವ ಹೊತ್ತಿಗೆ ನಮ್ಮೂರಿನಲ್ಲಿ ಡಂಗುರದ ಸದ್ದು ಜಾಸ್ತಿಯಾಗುತ್ತಿತ್ತು. ದೀಪ ಹಚ್ಚುವ ವೇಳೆಗೆ ಕೇರಿಯ ತುದಿಯಲ್ಲಿ ತಮಟೆ ಬಡಿದರೆ ಒಲೆ ಮುಂದೆ ಕೂತ ಅಜ್ಜಿ ಊದುಗೊಳವೆ ಕೆಳಗಿಟ್ಟು ಕಿವಿಗೊಡುತ್ತಿದ್ದಳು. “ಕೇಳ್ರಪ್ಪೋ... ನಾಳೆ ದನದ ಡಾಕ್ಟ್ರು ಬರ್ತಾರೆ, ದನಕರ ಮನೇಲೇ ಕಟ್ಕೊಳ್ಳಿ!” ಇನ್ನೊಂದು ದಿನ ಕಂದಾಯ ಕಟ್ಟುವವರಿಗೆ ಕರೆ. ಮತ್ತೊಂದು ದಿನ ಮಾರಮ್ಮನ ಜಾತ್ರೆಯ ಸಾರು. ಸಾರು ಹಾಕಿದ ಮೇಲೆ ಯಾರೂ ಊರು ಬಿಟ್ಟು ಹೋಗಿ ರಾತ್ರಿ ತಂಗುವಂತಿರಲಿಲ್ಲ. ಯುಗಾದಿಗೆ ಹೊನ್ನಾರು ಕಟ್ಟುವ ಮನೆ ಯಾವುದು, ಗುಡಿಯಲ್ಲಿ ಪಂಚಾಂಗ ಓದುವುದು ಎಷ್ಟು ಹೊತ್ತಿಗೆ ಎಂಬುದೂ ಅದೇ ತಮಟೆಯ ಹಿಂದೆ ಬರುತ್ತಿತ್ತು.

ತಮಟೆ ಬಡಿಯುವ ಆ ಮನುಷ್ಯ ಊರಿನ ನಾಲ್ಕು ಕಡೆ ನಿಂತು ಕೂಗುತ್ತಿದ್ದ. ಗೌಡರ ಬೀದಿಗೂ ಅದೇ ಮಾತು, ಹಟ್ಟಿಗೂ ಅದೇ ಮಾತು. ಓದು ಬಾರದ ಅಜ್ಜಿಗೂ ಮೇಷ್ಟ್ರಿಗೂ ಸುದ್ದಿ ಒಂದೇ ಗಳಿಗೆಯಲ್ಲಿ ಮುಟ್ಟುತ್ತಿತ್ತು. ಆದರೆ ಎಲ್ಲ ಬೀದಿಯಲ್ಲೂ ಕೂಗಿದ ಆತ ಕೂರಲು ಜಗಲಿ ಇದ್ದದ್ದು ತನ್ನ ಕೇರಿಯಲ್ಲಿ ಮಾತ್ರ. ಒಲ್ಲೆ ಎನ್ನುವ ಹಕ್ಕು ಆತನಿಗಿರಲಿಲ್ಲ. ಅಪ್ಪನಿಂದ ಮಗನಿಗೆ ಇಳಿದು ಬರುತ್ತಿದ್ದ ಇಂಥ ಊರ ಹುದ್ದೆಗಳನ್ನು ಕಾನೂನು ಕೊನೆಗಾಣಿಸಿದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ. ಪಟೇಲ, ಶಾನುಭೋಗರ ಅಧಿಕಾರ ಅಲ್ಲಿಗೆ ಮುಗಿಯಿತು. ತಮಟೆಯ ಬಿಟ್ಟಿ ಚಾಕರಿ ಮಾತ್ರ ಅದಾದ ಮೇಲೂ ಎಷ್ಟೋ ಊರುಗಳಲ್ಲಿ ನಡೆದೇ ಇತ್ತು. ಅದು ಹೋಗಬೇಕಿತ್ತು. ಹೋದದ್ದೇ ಸರಿ.

ಆದರೆ ಎಲ್ಲರಿಗೂ ಮುಟ್ಟುವ ಆ ಸುದ್ದಿಯ ಜಾಗಕ್ಕೆ ಬೇರೆ ಏನು ಬಂತು? ಮೈಕು ಕಟ್ಟಿದ ಆಟೊ ಬಂತು, ಆಮೇಲೆ ವಾಟ್ಸ್ಆ್ಯಪ್ ಗುಂಪು ಬಂತು. ಮೂರು ವರ್ಷದ ಹಿಂದೆ ನಮ್ಮ ಪಕ್ಕದ ಮನೆಯ ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಯಿತು. ತಿಂಗಳಿಗೆ 1,200 ರೂಪಾಯಿ. ಆಕೆಯ ಮಾತ್ರೆ, ಎಲೆಅಡಿಕೆ, ಮೊಮ್ಮಗಳ ಕೈಗಿಡುವ ಪುಡಿಗಾಸು ಎಲ್ಲವೂ ಅದರಲ್ಲೇ ನಡೆಯಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಬೇಕೆಂಬ ಸೂಚನೆ ಗುಂಪಿನಲ್ಲಿ ಬಂದಿತ್ತಂತೆ. ಅಜ್ಜಿಯ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಐದು ತಿಂಗಳು ಆಕೆ ಬಸ್ಸು ಹತ್ತಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದಳು. “ಯಾರೂ ಕೂಗ್ಲೇ ಇಲ್ವಲ್ಲಪ್ಪ” ಎಂದಷ್ಟೇ ನನ್ನ ಮುಂದೆ ಅಂದದ್ದು.

ಕೊನೆಗೆ ಆಕೆಯ ಕಾಗದ ಪತ್ರ ನೋಡಿ, ಎಲ್ಲಿ ಹೋಗಬೇಕು, ಏನು ಒಯ್ಯಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟವರು ಪಂಚಾಯಿತಿ ಪಕ್ಕದ ಗ್ರಂಥಾಲಯದ ಮೇಡಂ. ಈ ಬರಹ ಆ ಗ್ರಂಥಾಲಯದ ಬಗ್ಗೆ. ಈಗ ಅದರ ಹೆಸರು ಗ್ರಾಮ ಪಂಚಾಯಿತಿ ಅರಿವು ಕೇಂದ್ರ.

ಹೆಸರು ಹೊಸದು, ಬೇರು ಹಳೆಯದು. ಸಾರ್ವಜನಿಕ ಗ್ರಂಥಾಲಯಗಳಿಗೆ ನಮ್ಮ ರಾಜ್ಯ ಕಾಯ್ದೆ ಮಾಡಿಕೊಂಡದ್ದು 1965ರಲ್ಲಿ. ಹಳ್ಳಿಯ ಗ್ರಂಥಾಲಯಗಳು ಬಹುಕಾಲ ಗ್ರಂಥಾಲಯ ಇಲಾಖೆಯ ಕೈಯಲ್ಲೇ ಇದ್ದವು. ಹೆಚ್ಚಿನ ಕಡೆ ಇಕ್ಕಟ್ಟಾದ ಒಂದು ಕೋಣೆ, ಎರಡು ಬೆಂಚು, ದಾರ ಕಟ್ಟಿದ ದಿನಪತ್ರಿಕೆ, ಬೀಗ ಹಾಕಿದ ಬೀರು. ಸಂಜೆ ನಾಲ್ಕು ಜನ ಗಂಡಸರು ಪತ್ರಿಕೆ ಹಂಚಿಕೊಂಡು ಓದುತ್ತಿದ್ದರು. ಹೆಣ್ಣುಮಕ್ಕಳು ಅದರ ಹೊಸಿಲು ತುಳಿದದ್ದನ್ನು ನನ್ನ ಬಾಲ್ಯದಲ್ಲಿ ನಾನು ಕಂಡಿಲ್ಲ. 2019ರಲ್ಲಿ ಈ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ರಾಜ್ಯದಲ್ಲಿ ಇವುಗಳ ಸಂಖ್ಯೆ 5,600ಕ್ಕೂ ಹೆಚ್ಚು; ಪಂಚಾಯಿತಿಗಳೇ ಇರುವುದು ಆರು ಸಾವಿರದ ಆಸುಪಾಸು, ಅಂದರೆ ಹೆಚ್ಚುಕಡಿಮೆ ಪಂಚಾಯಿತಿಗೊಂದು.

ಮರುವರ್ಷವೇ ಕೊರೊನಾ. ಶಾಲೆ ಮುಚ್ಚಿದ್ದವು, ಮಕ್ಕಳು ಬೀದಿಯಲ್ಲಿದ್ದರು. 2020ರ ನವೆಂಬರ್ 14ರಂದು ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ದೊಡ್ಡವರ ಜಾಗವಾಗಿದ್ದ ಕೋಣೆಗೆ ಮಕ್ಕಳು ಲಕ್ಷಗಟ್ಟಲೆ ಬಂದರು. ಗೋಡೆಗೆ ಬಣ್ಣ ಬಂತು, ಕಪಾಟಿನ ಬಾಗಿಲು ತೆರೆಯಿತು, ನೆಲದ ಮೇಲೆ ಜಮಖಾನ ಹಾಸಿದರು. ಈ ಬದಲಾವಣೆಯಲ್ಲಿ ನನಗೆ ಬಹಳ ಹಿಡಿಸಿದ್ದು ಜಮಖಾನವೇ. ಬೆಂಚಿನ ಮೇಲೆ ಯಾರು ಕೂರಬೇಕು ಎಂಬುದಕ್ಕೆ ಊರಿನಲ್ಲಿ ಲೆಕ್ಕವಿದೆ. ಜಮಖಾನದ ಮೇಲೆ ಎಲ್ಲ ಕೇರಿಯ ಮಕ್ಕಳೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ.

ಈ ಕೇಂದ್ರದ ಕೆಲಸ ನೋಡಬೇಕೆಂದರೆ ವಸಂತದಲ್ಲಿ, ಅಂದರೆ ಯುಗಾದಿಯಿಂದ ಬಸವ ಜಯಂತಿಯವರೆಗಿನ ದಿನಗಳಲ್ಲಿ ಹೋಗಬೇಕು. ಹಳ್ಳಿಗೆ ಅತಿ ಹೆಚ್ಚು ಸುದ್ದಿ ಬೀಳುವ ಕಾಲ ಅದು. ಏಪ್ರಿಲ್ ಒಂದಕ್ಕೆ ಸರ್ಕಾರದ ಹೊಸ ವರ್ಷ ಶುರು. ಮನೆ ಕಂದಾಯದ ಲೆಕ್ಕ ಹೊಸದಾಗಿ ತೆರೆಯುತ್ತದೆ. ಕೊಳವೆಬಾವಿ ಕೈಕೊಡುತ್ತವೆ, ನೀರು ಯಾವ ಬೀದಿಗೆ ಯಾವ ಹೊತ್ತಿಗೆ ಬಿಡುತ್ತಾರೆ, ಖಾಸಗಿ ಕೊಳವೆಬಾವಿಯನ್ನು ಪಂಚಾಯಿತಿ ಬಾಡಿಗೆಗೆ ಪಡೆದಿದೆಯೇ, ಟ್ಯಾಂಕರ್ ಬರುತ್ತದೆಯೇ ಎಂಬುದು ದಿನದ ಪ್ರಶ್ನೆ. ಅಶ್ವಿನಿ ಮಳೆ ಒಂದು ಹದ ಬಿದ್ದರೆ ಸಾಕು, ಎಳ್ಳು, ಅಲಸಂದೆ, ಹೆಸರಿಗೆ ನೇಗಿಲು ಹೂಡುವವರು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬೀಜ ಬಂತೇ ಎಂದು ಕೇಳಲು ಶುರು ಮಾಡುತ್ತಾರೆ. ಅಲ್ಲಿಗೆ ಹೋಗುವ ಮುಂಚೆ ರೈತನ ಎಫ್‌ಐಡಿ ಸಂಖ್ಯೆ ಆಗಿರಬೇಕು, ಜಮೀನಿನ ಎಲ್ಲ ಸರ್ವೆ ನಂಬರೂ ಅದರಲ್ಲಿ ಸೇರಿರಬೇಕು. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ ಹಾಕುತ್ತಾರೆ. ಮುಂದೆ ಎಸ್ಸೆಸ್ಸೆಲ್ಸಿ ಫಲಿತಾಂಶ, ಅದರ ಬೆನ್ನಿಗೇ ಕಾಲೇಜಿಗೆ ಸೇರಲು ಜಾತಿ, ಆದಾಯ ಪ್ರಮಾಣಪತ್ರ.

ಇಷ್ಟೂ ಸೇವೆ ಒಂದೇ ಕಡೆ ಸಿಗುವುದಿಲ್ಲ, ತೊಂದರೆ ಇರುವುದು ಅಲ್ಲೇ. ಪಹಣಿ ಮತ್ತು ಜಾತಿ ಪತ್ರಕ್ಕೆ ನಾಡಕಚೇರಿ. ಮನೆಯ ನಮೂನೆ 9, 11ಕ್ಕೆ ಪಂಚಾಯಿತಿ. 2016ರಲ್ಲಿ ಪಂಚಾಯಿತಿಗಳಲ್ಲೇ ಶುರುವಾದ ಬಾಪೂಜಿ ಸೇವಾ ಕೇಂದ್ರದಲ್ಲಿ, 2022ರಲ್ಲಿ ಬಂದ ಗ್ರಾಮ ಒನ್‌ನಲ್ಲಿ ಇವುಗಳಲ್ಲಿ ಹಲವು ಸಿಗುತ್ತವೆ ಎನ್ನುವುದು ನಿಜ. ಆದರೆ ಯಾವುದು ಎಲ್ಲಿ ಎಂದು ತಿಳಿಯದೆ ಒಂದು ದಿನದ ಕೂಲಿ ಕಳೆದುಕೊಂಡು ಬರಿಗೈಲಿ ವಾಪಸಾದವರು ಊರಿನ ಪ್ರತಿ ಬೀದಿಯಲ್ಲೂ ಇದ್ದಾರೆ. ಅರಿವು ಕೇಂದ್ರ ಅರ್ಜಿ ಮಂಜೂರು ಮಾಡುವ ಕಚೇರಿಯಲ್ಲ. ಅಲ್ಲಿ ಸಿಗುವುದು ದಾರಿ. ನಮ್ಮ ಕೇಂದ್ರದ ಹೊರಗೋಡೆಯ ಹಲಗೆಯ ಮೇಲೆ ಈ ಏಪ್ರಿಲ್‌ನಲ್ಲಿ ಸೀಮೆಸುಣ್ಣದಲ್ಲಿ ಬರೆದದ್ದು ಹೀಗಿತ್ತು: ನೀರು ಬಿಡುವ ಹೊತ್ತು, ಲಸಿಕೆ ಹಾಕುವವರು ಬರುವ ದಿನ, ದನಕ್ಕೆ ಕಾಯಿಲೆಯಾದರೆ ಕರೆಯಬೇಕಾದ 1962, ಮನುಷ್ಯರಿಗಾದರೆ 108. ಕೆಳಗೆ ಸಣ್ಣಕ್ಷರದಲ್ಲಿ, ‘ಓದಲು ಬಾರದವರು ಒಳಗೆ ಬಂದು ಕೇಳಿ’.

ಆ ಕೊನೆಯ ಸಾಲನ್ನು ಬರೆದ ಮೇಡಂಗೆ ಯಾವ ಸುತ್ತೋಲೆಯೂ ಹಾಗೆ ಬರೆಯಲು ಹೇಳಿರಲಿಲ್ಲ. ಪಿಂಚಣಿ ಅಜ್ಜಿಯ ಪ್ರಸಂಗ ಆದ ಮೇಲೆ ಅವರಾಗಿಯೇ ಸೇರಿಸಿದ್ದು.

ಅವರು ನಮ್ಮ ಊರಿನವರಿಗೆ ಕಲಿಸಿದ ಇನ್ನೊಂದು ಪಾಠವಿದೆ. ಅರ್ಜಿ ಕೊಟ್ಟು ಸುಮ್ಮನೆ ಬರಬೇಡಿ, ಸಕಾಲದ ಚೀಟಿ ಕೇಳಿ ಪಡೆಯಿರಿ ಎನ್ನುತ್ತಾರೆ. ಸಕಾಲ ಕಾಯ್ದೆ ರಾಜ್ಯದಾದ್ಯಂತ ಜಾರಿಗೆ ಬಂದದ್ದು 2012ರ ಏಪ್ರಿಲ್ 2ರಂದು. ಅದರಡಿ ಬರುವ ಪ್ರತಿ ಸೇವೆಗೂ ಇಷ್ಟು ದಿನ ಎಂಬ ಗಡುವಿದೆ, ಅರ್ಜಿಗೆ 15 ಅಂಕಿಗಳ ಸಂಖ್ಯೆ ಸಿಗುತ್ತದೆ, ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ಹಿಂದೆ “ಹೋಗಿ ನಾಳೆ ಬಾ” ಅಂದರೆ ತಲೆ ತಗ್ಗಿಸಿ ಬರುತ್ತಿದ್ದ ಹೆಂಗಸರು ಈಗ “ಚೀಟಿ ಕೊಡಿ ಸಾರ್” ಎಂದು ಕಿಟಕಿ ಮುಂದೆ ನಿಲ್ಲುವುದನ್ನು ನಾನು ಕಂಡಿದ್ದೇನೆ. ಇದಕ್ಕಿಂತ ದೊಡ್ಡ ಓದು ಯಾವುದಿದೆ?

ಇನ್ನು ಮಕ್ಕಳ ಮಾತು. ಏಪ್ರಿಲ್ ಎರಡನೇ ವಾರದಲ್ಲಿ ಶಾಲೆಗೆ ರಜೆ ಬಿದ್ದರೆ ಮೇ ಕೊನೆಯವರೆಗೆ ಶಾಲೆಯ ಬಾಗಿಲು ಮುಚ್ಚಿರುತ್ತದೆ. ಪೇಟೆಯ ಮಕ್ಕಳಿಗೆ ಸಾವಿರಾರು ರೂಪಾಯಿ ಶುಲ್ಕದ ಬೇಸಿಗೆ ಶಿಬಿರ. ಹಳ್ಳಿಯಲ್ಲಿ ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ಮಕ್ಕಳಿಗೆ ಕೆರೆಯಂಗಳ, ಬಿಸಿಲು. ಬಾವಿ, ಕೃಷಿಹೊಂಡಕ್ಕೆ ಈಜಲು ಹೋದವರು ಮನೆಗೆ ಬಾರದ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಅರಿವು ಕೇಂದ್ರದ ಬೇಸಿಗೆ ಶಿಬಿರಕ್ಕೆ ಶುಲ್ಕವಿಲ್ಲ. ಕತೆ ಓದುತ್ತಾರೆ, ಕಾಗದ ಮಡಚಿ ಹಕ್ಕಿ ಮಾಡುತ್ತಾರೆ, ಚೆಸ್ ಆಡುತ್ತಾರೆ.

ಕಳೆದ ಬೇಸಿಗೆಯಲ್ಲಿ ನಾನು ಅರ್ಧ ದಿನ ಅಲ್ಲಿ ಕೂತಿದ್ದೆ. ಆವತ್ತಿನ ಕೆಲಸ ಊರಿನ ನಕ್ಷೆ ಬರೆಯುವುದು. ಹತ್ತು ಹನ್ನೆರಡು ಮಕ್ಕಳು ದೊಡ್ಡ ಹಾಳೆಯ ಸುತ್ತ ಕವುಚಿ ಬಿದ್ದಿದ್ದರು. ಮೊದಲು ಬಂದದ್ದು ಗುಡಿ, ಆಮೇಲೆ ಹಾಲಿನ ಡೇರಿ, ಶಾಲೆ, ಕೆರೆ. ನೀರಿನ ತೊಟ್ಟಿಗಳನ್ನು ಗುರುತಿಸಿ ಎಂದಾಗ ಐದನೇ ಕ್ಲಾಸಿನ ಒಬ್ಬ ಹುಡುಗಿ ನೀಲಿ ಬಣ್ಣದ ಪೆನ್ಸಿಲ್ ಹಿಡಿದು ಸುಮ್ಮನೆ ಕೂತಳು. ಏನಮ್ಮ ಎಂದರೆ, “ನಮ್ಮ ಬೀದೀಲಿ ತೊಟ್ಟಿನೇ ಇಲ್ಲ ಮಿಸ್” ಎಂದಳು. ಎಲ್ಲ ಮಕ್ಕಳೂ ಹಾಳೆ ನೋಡಿದರು. ಹೌದು, ನಕ್ಷೆಯ ಆ ಮೂಲೆಯಲ್ಲಿ ಒಂದೂ ನೀಲಿ ಚುಕ್ಕೆ ಇರಲಿಲ್ಲ. ಮೇಡಂ ಆ ಹಾಳೆಯನ್ನು ಪಂಚಾಯಿತಿ ಕಚೇರಿಯ ಒಳಗೋಡೆಗೆ, ಅಧ್ಯಕ್ಷರ ಕುರ್ಚಿಯ ಎದುರಿಗೇ ಅಂಟಿಸಿದರು. ಮಳೆಗಾಲಕ್ಕೆ ಮುಂಚೆ ಆ ಬೀದಿಗೆ ತೊಟ್ಟಿ ಬಂತು. ವಾರ್ಡ್ ಸಭೆಯಲ್ಲಿ ದೊಡ್ಡವರು ಎಷ್ಟು ಸಲ ಕೇಳಿದ್ದರೋ!

ಗ್ರಂಥಾಲಯ ವಿಜ್ಞಾನದ ದೊಡ್ಡ ಹೆಸರು ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳಲ್ಲಿ ಒಂದು, ಓದುಗನ ಸಮಯ ಉಳಿಸಬೇಕು ಎಂಬುದು. ಹಳ್ಳಿಯ ಮಟ್ಟಿಗೆ ಅದರ ಅರ್ಥ ಇನ್ನೂ ಹಿಗ್ಗುತ್ತದೆ: ಒಂದು ದಿನದ ಕೂಲಿ ಉಳಿಸಬೇಕು, ಒಂದು ಬಸ್ಸಿನ ಖರ್ಚು ಉಳಿಸಬೇಕು.

ಎಲ್ಲ ಕೇಂದ್ರಗಳೂ ಹೀಗೇ ಇವೆ ಎಂದು ನಾನು ಹೇಳಲಾರೆ. ಬೀಗ ತೆರೆಯದ ಕೇಂದ್ರಗಳನ್ನೂ ಕಂಡಿದ್ದೇನೆ, ಕೊಟ್ಟ ಕಂಪ್ಯೂಟರನ್ನು ದೂಳು ಬೀಳದಂತೆ ಬಟ್ಟೆ ಸುತ್ತಿ ಇಟ್ಟಿದ್ದನ್ನೂ ನೋಡಿದ್ದೇನೆ. ಕೇಂದ್ರ ಜೀವಂತವಾಗಿದೆಯೋ ಇಲ್ಲವೋ ಎಂಬುದು ಕಟ್ಟಡದಿಂದ ತಿಳಿಯುವುದಿಲ್ಲ, ಅಲ್ಲಿರುವ ಮೇಲ್ವಿಚಾರಕರಿಂದ ತಿಳಿಯುತ್ತದೆ. ಈ ಮೇಲ್ವಿಚಾರಕರು ಸಣ್ಣ ಗೌರವಧನದಲ್ಲಿ ದುಡಿದವರು, ಕನಿಷ್ಠ ವೇತನಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದವರು. ಪುಸ್ತಕ ಜೋಡಿಸುವುದರ ಜೊತೆಗೆ ಸಮೀಕ್ಷೆಗೂ ಇವರೇ, ಸಭೆಗೆ ಕುರ್ಚಿ ಹಾಕಿಸುವುದಕ್ಕೂ ಇವರೇ ಎಂದು ಕರೆಯುವ ರೂಢಿ ತಪ್ಪಬೇಕು. ಊರಿಡೀ ಸುತ್ತಿ ಕೂಗಿದವನಿಗೆ ಅಂದು ನಾವು ಜಗಲಿ ಕೊಡಲಿಲ್ಲ. ಇಂದು ಅದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತಿರುವವರಿಗೆ ಸರಿಯಾದ ಸಂಬಳವನ್ನಾದರೂ ಕೊಡಬೇಕು.

ನಿಮ್ಮ ಊರಿನ ಅರಿವು ಕೇಂದ್ರ ಯಾವ ಹೊತ್ತಿಗೆ ತೆರೆಯುತ್ತದೆ ಎಂದು ಗೊತ್ತಿಲ್ಲದಿದ್ದರೆ ಈ ವಾರವೇ ಹೋಗಿ ನೋಡಿ ಬನ್ನಿ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಹೆಸರು ಬರೆಸಿ. ಅದಕ್ಕೆ ಕಾಸು ಕೊಡಬೇಕಿಲ್ಲ. ಬೀಗ ಹಾಕಿದ್ದರೆ ಪಂಚಾಯಿತಿಯಲ್ಲಿ ಕೇಳಿ. ಕೇಳಲು ಸಂಕೋಚವಾದರೆ ಮನೆ ಕಂದಾಯದ ರಸೀದಿ ಕೈಯಲ್ಲಿ ಹಿಡಿದು ಹೋಗಿ. ಅದರಲ್ಲಿ ಗ್ರಂಥಾಲಯ ಕರ ಎಂಬ ಸಾಲಿದೆ. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿಯಂತೆ ಆ ಹಣ ನೀವು ಆಗಲೇ ಕಟ್ಟಿದ್ದೀರಿ.