ಬಾನಿಂದ ಬಕೆಟ್, ನೆಲದಲ್ಲಿ ಹಸಿಸೊಪ್ಪು

ಮಳವಳ್ಳಿಯಿಂದ ಹಲಗೂರು ದಾಟಿ ಮುತ್ತತ್ತಿಯ ದಾರಿ ಹಿಡಿದರೆ ಮಂಡ್ಯ, ಮದ್ದೂರಿನ ಕಬ್ಬು–ಭತ್ತದ ಹಸಿರು ಹಿಂದುಳಿದು, ಕಾವೇರಿ ವನ್ಯಜೀವಿಧಾಮದ ಎಲೆ ಉದುರುವ ಕಾಡು ಎದುರಾಗುತ್ತದೆ. ಶಿವರಾತ್ರಿಯ ಹೊತ್ತಿಗೆ ಇಲ್ಲಿ ತರಗೆಲೆ, ಒಣಹುಲ್ಲು, ಬಿದಿರು ಎಲ್ಲಕ್ಕೂ ಒಂದು ಬೀಡಿ ತುಂಡು ಸಾಕು. ಬೆಂಕಿ ಗುಡ್ಡ ಹತ್ತಿತೆಂದರೆ ಅಗ್ನಿಶಾಮಕ ವಾಹನ ರಸ್ತೆಯಲ್ಲೇ ಉಳಿಯುತ್ತದೆ.

ಇಂಥದ್ದೇ ಸಂಕಟ 2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬಂದಿತ್ತು. ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ದಿನಗಟ್ಟಲೆ ಉರಿದ ಬೆಂಕಿಗೆ ಹತ್ತು ಸಾವಿರಕ್ಕೂ ಹೆಚ್ಚು ಎಕರೆ ಕಾಡು ಆಹುತಿಯಾಯಿತು. 25ರಂದು ವಾಯುಪಡೆಯ ಎಂಐ–17 ಹೆಲಿಕಾಪ್ಟರ್‌ಗಳು ಬಂದವು. ಹೊಟ್ಟೆಯಡಿ ನೇತಾಡುತ್ತಿದ್ದದ್ದು ಬಾಂಬಿ ಬಕೆಟ್.

ಕೆನಡಾದ ಡಾನ್ ಆರ್ನಿ 1980ರ ದಶಕದ ಆರಂಭದಲ್ಲಿ ರೂಪಿಸಿದ ಈ ಬಕೆಟ್ಟು ಗಟ್ಟಿ ಬಟ್ಟೆಯದು, ಬೇಡವಾದಾಗ ಮಡಚಿಡಬಹುದು. ತುಂಬಿಸಲು ಹೆಲಿಕಾಪ್ಟರ್ ಇಳಿಯಬೇಕಿಲ್ಲ. ಕೆರೆಯ ಮೇಲೆ ನಿಂತಲ್ಲೇ ನಿಂತು ಬಕೆಟ್ಟನ್ನು ಮುಳುಗಿಸಿ ಎತ್ತುತ್ತದೆ. ಬೆಂಕಿಯ ನೆತ್ತಿಗೆ ಬಂದಾಗ ಪೈಲಟ್ ಗುಂಡಿ ಒತ್ತಿದರೆ ತಳದ ಬಾಯಿ ತೆರೆದು ಮೂರು ಸಾವಿರ ಲೀಟರಿನಷ್ಟು ನೀರು ಒಮ್ಮೆಗೇ ಸುರಿಯುತ್ತದೆ. ತೀರಾ ಕೆಳಗಿಳಿದರೆ ರೆಕ್ಕೆಯ ಗಾಳಿಯೇ ಬೆಂಕಿಯನ್ನು ಕೆರಳಿಸುತ್ತದೆ, ತೀರಾ ಮೇಲಿದ್ದರೆ ನೀರು ಚದುರಿ ವ್ಯರ್ಥ. ಹೊಗೆ ದಟ್ಟವಾದರೆ ಗುರಿಯೇ ಕಾಣದು.

ಬಂಡೀಪುರದಲ್ಲಿ ಅಂದು ಹತ್ತು ಸುತ್ತಿನಲ್ಲಿ ಸುರಿದದ್ದು ಸುಮಾರು 30 ಸಾವಿರ ಲೀಟರ್. ನಮ್ಮೂರ ಮದುವೆಗಳಿಗೆ ನೀರು ತರುವ ಟ್ರ್ಯಾಕ್ಟರ್ ಟ್ಯಾಂಕರಿನ ಲೆಕ್ಕದಲ್ಲಿ ಆರೇಳು ಟ್ಯಾಂಕರ್ ಆದೀತು. ಅಷ್ಟು ದೊಡ್ಡ ಕಾಡಿಗೆ ಅದು ಎಷ್ಟರ ಮಾತು? ಆದರೂ ಕಾಲಿಡಲಾಗದ ಕಡಿದಾದ ಇಳಿಜಾರಿನಲ್ಲಿ ಜ್ವಾಲೆಯ ಅಬ್ಬರ ತಗ್ಗಿಸಿ, ಕೆಳಗಿನವರು ಹತ್ತಿರ ಹೋಗಲು ಅದು ಸಮಯ ಕೊಡುತ್ತದೆ. ಬುಡದಲ್ಲಿ ಕನಲುವ ಕೆಂಡವನ್ನು ಆರಿಸುವವರು ಹಸಿಸೊಪ್ಪಿನ ಕೊಂಬೆ ಹಿಡಿದ ಕಾವಲುಗಾರರೇ. ಎರಡು ವರ್ಷ ಮೊದಲು, 2017ರಲ್ಲಿ, ಇದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು. ಹೆಲಿಕಾಪ್ಟರಿನ ಚಿತ್ರ ನೋಡುವಾಗ ಅವರು ನೆನಪಾಗಲೇಬೇಕು.

ಮುತ್ತತ್ತಿಯ ಕಾಡಿಗೆ ಒಂದು ಅನುಕೂಲವಿದೆ: ಪಕ್ಕದಲ್ಲೇ ಕಾವೇರಿ. ನೀರು ಹತ್ತಿರವಿದ್ದಷ್ಟೂ ಸುತ್ತುಗಳು ಹೆಚ್ಚುತ್ತವೆ. ಆದರೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಹರಿಯುವ ತೆಳುನೀರಿನಲ್ಲಿ ಬಕೆಟ್ ಮುಳುಗುವುದಿಲ್ಲ, ಆಳದ ಮಡುವೇ ಬೇಕು. ಇನ್ನೊಂದು ತೊಡಕು, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಕಳಿಸಿದ ಮಳವಳ್ಳಿ ತಾಲ್ಲೂಕಿದು. ಬಕೆಟ್ ತೂಗಿಸಿಕೊಂಡು ಹಾರುವವನಿಗೆ ವಿದ್ಯುತ್ ತಂತಿಗಿಂತ ದೊಡ್ಡ ಶತ್ರುವಿಲ್ಲ. ಯಾವ ಮಡು ಎಷ್ಟು ಆಳ, ಯಾವ ಕಣಿವೆಗೆ ಅಡ್ಡಲಾಗಿ ತಂತಿ ಹೋಗಿದೆ ಎಂಬುದನ್ನು ಕಾಡಂಚಿನ ಹಳ್ಳಿಗಳ ಜನರನ್ನೇ ಕೇಳಿ ನಕ್ಷೆಗೆ ಹಾಕಬೇಕು. ಅದು ಸಂಕ್ರಾಂತಿಯೊಳಗೆ, ಬೆಂಕಿ ರೇಖೆ ಸವರುವ ಕೆಲಸದ ಜೊತೆಯಲ್ಲೇ ಆಗಲಿ.