ಮನೆಯ ವಿದ್ಯುತ್ತೂ ಪ್ರಾಣರಕ್ಷಣೆಯೂ

ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ದೀಪಗಳಿಗೂ ಒದಗಿತು. ಅಂದು ಬೀದಿಯ ಕಂಬದಲ್ಲಿದ್ದ ಶಕ್ತಿಯು ಇಂದು ಅಡಿಗೆಮನೆ, ಬಚ್ಚಲುಮನೆಗಳನ್ನೂ ಹೊಕ್ಕಿದೆ. ಒಲೆಯುರಿಯ ಸ್ವಭಾವವನ್ನು ಬಲ್ಲ ಗೃಹಸ್ಥರು ಗೋಡೆಯೊಳಗಣ ತಂತಿಯ ಸ್ವಭಾವವನ್ನರಿಯುವ ಶ್ರಮ ವಹಿಸದಿರುವುದು ಶೋಚನೀಯವು.

ಮನೆಯಲ್ಲಿ ಎಂ.ಸಿ.ಬಿ. ಇರುವುದರಿಂದ ಭಯವಿಲ್ಲವೆಂಬ ಮಾತನ್ನು ನಾವು ವಿದ್ಯಾವಂತರ ಬಾಯಿಂದಲೇ ಕೇಳುತ್ತಿದ್ದೇವೆ. ಈ ನಂಬಿಕೆಗೆ ಆಧಾರವಿಲ್ಲ. ಎಂ.ಸಿ.ಬಿ.ಯಾಗಲಿ ಹಿಂದಿನ ಫ್ಯೂಸಾಗಲಿ ಕಾಪಾಡುವುದು ತಂತಿಯನ್ನು. ಅದನ್ನು ಮುಟ್ಟಿದ ಮನುಷ್ಯನನ್ನಲ್ಲ. ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ಒದ್ದೆಯಾದ ಮೈಯು ಪ್ರವಾಹಕ್ಕೆ ಒಡ್ಡುವ ತಡೆಯು ಸುಮಾರು 1000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿನ ತಂತಿಯನ್ನು ಮುಟ್ಟಿದವನಲ್ಲಿ ಹರಿಯುವುದು 0.23 ಆಂಪಿಯರು. 50 ವ್ಯಾಟಿನ ಒಂದು ದೀಪವು ಎಳೆಯುವುದೂ ಹೆಚ್ಚು ಕಡಮೆ ಇಷ್ಟೇ. ಆದರೆ ಹೃದಯದ ಬಡಿತವನ್ನು ಕೆಡಿಸಿ ಪ್ರಾಣ ತೆಗೆಯಲು ಅದು ಧಾರಾಳವಾಗಿ ಸಾಕು. 16 ಆಂಪಿಯರಿನ ಎಂ.ಸಿ.ಬಿ.ಯಾದರೋ, ಯಾರೋ ದೀಪ ಹಚ್ಚಿದರೆಂದು ಸುಮ್ಮನಿದ್ದುಬಿಡುವುದು!

ಮನುಷ್ಯನನ್ನು ಕಾಪಾಡತಕ್ಕವು ಬೇರೆ ಎರಡು. ಒಂದು, ಅರ್ಥಿಂಗ್. ಗೀಸರಿನ ಒಳಗೆ ಕೆಟ್ಟು ಅದರ ಲೋಹದ ಮೈಗೆ ವಿದ್ಯುತ್ತು ತಗುಲಿದರೆ, ಅದು ಭೂಮಿಗೆ ಇಳಿಯಲು ಹಸಿರು ತಂತಿಯು ಸುಲಭವಾದ ದಾರಿಯನ್ನು ಕೊಡುತ್ತದೆ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಅರ್ಥಿನ ಕಡ್ಡಿಯನ್ನು ಉದ್ದವಾಗಿ ಮಾಡಿರುವುದು ಅದೇ ಮೊದಲು ಕೂಡಲೆಂದು. ಅದನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ಸಿಕ್ಕಿಸುವವರ ಸಾಹಸವನ್ನು ಏನೆನ್ನೋಣ?

ಇನ್ನೊಂದು, ಆರ್.ಸಿ.ಸಿ.ಬಿ. ಎಂಬ ಸಾಧನ. ಇದು ಹೋದ ಪ್ರವಾಹವನ್ನೂ ಹಿಂದಿರುಗಿದ ಪ್ರವಾಹವನ್ನೂ ಶಾನುಭೋಗರಂತೆ ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ಲೆಕ್ಕ ತಪ್ಪಿದರೆ, ಅಷ್ಟು ವಿದ್ಯುತ್ತು ಎಲ್ಲಿಯೋ, ಪ್ರಾಯಶಃ ಒಬ್ಬನ ಮೈಯ ಮೂಲಕವೇ, ಭೂಮಿಗೆ ಸೋರುತ್ತಿದೆಯೆಂದು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿದುಹಾಕುತ್ತದೆ. ಎರಡು ತಂತಿಗಳನ್ನೂ ಒಟ್ಟಿಗೆ ಹಿಡಿದವನನ್ನು ಮಾತ್ರ ಇದೂ ಕಾಪಾಡಲಾರದು. ಮಳೆಗಾಲದಲ್ಲಿ ಪದೇ ಪದೇ ಬೀಳುವುದೆಂದು ಬೇಸತ್ತು, ವೈರ್‌ಮನ್ನನಿಂದ ಅದನ್ನು ತಪ್ಪಿಸಿ ತಂತಿ ಜೋಡಿಸಿಕೊಳ್ಳುವವರುಂಟು. ನಾಯಿ ಬೊಗಳಿತೆಂದು ನಾಯಿಯನ್ನೇ ಹೊರಗಟ್ಟಿದಂತಾಯಿತು! ಒದ್ದೆ ಗೋಡೆಯಲ್ಲೋ ಹಳೆಯ ಮೋಟಾರಿನಲ್ಲೋ ಇರುವ ಸೋರಿಕೆಯನ್ನು ಹುಡುಕಿಸುವುದೇ ಸರಿಯಾದ ಉಪಾಯವು.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಬಂಧನೆಗಳು, ಅಲ್ಪ ಲೋಡಿನ ಮನೆಗಳನ್ನು ಬಿಟ್ಟು, ಉಳಿದ ಮನೆಗಳಿಗೆ ಈ ರಕ್ಷಣೆಯನ್ನು ವಿಧಿಸಿವೆ. ಹೊಸ ಸಂಪರ್ಕ ಕೊಡುವ ಅಧಿಕಾರಿಗಳು ಗುತ್ತಿಗೆದಾರರ ಕಾಗದಕ್ಕೆ ರುಜು ಹಾಕುವುದಕ್ಕೆ ಮುಂಚೆ ಪೆಟ್ಟಿಗೆಯನ್ನು ತೆರೆಸಿ ನೋಡಬೇಕೆಂದು ನಮ್ಮ ವಿಜ್ಞಾಪನೆ. ಆದರೆ ವಿಧಿಯಿಲ್ಲವೆಂದ ಮಾತ್ರಕ್ಕೆ ಬಡವರ ಮನೆಯಲ್ಲಿ ಅಪಾಯವು ಕಡಮೆಯಾಗುವುದಿಲ್ಲ. ಬಕೆಟ್ಟಿನಲ್ಲಿ ಇಳಿಬಿಡುವ ವಾಟರ್ ಹೀಟರಿನ ಉಪಯೋಗವು ಅಲ್ಲಿಯೇ ಹೆಚ್ಚು. ಪ್ಲಗ್ಗನ್ನು ಕಿತ್ತಲ್ಲದೆ ಆ ನೀರಿಗೆ ಕೈಯಿಡಬಾರದು. ಯಾರಾದರೂ ವಿದ್ಯುತ್ತಿಗೆ ಸಿಕ್ಕಿದ್ದರೆ, ಕನಿಕರದಿಂದ ಕೈಹಿಡಿದೆಳೆಯಲು ಹೋಗದೆ ಮೊದಲು ಮೈನ್ ಸ್ವಿಚ್ಚನ್ನು ಆರಿಸತಕ್ಕದ್ದು.

ಆರ್.ಸಿ.ಸಿ.ಬಿ. ಇರುವ ಮನೆಯವರು ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಲಿ. ಒತ್ತಿದೊಡನೆ ಸ್ವಿಚ್ಚು ಕೆಳಕ್ಕೆ ಬೀಳದಿದ್ದರೆ ಅದನ್ನು ಕೂಡಲೆ ಬದಲಾಯಿಸತಕ್ಕದ್ದು.