ಕಣವು ಬಿಂದುವೋ, ತಂತುವೋ?

ಬಿಂದುವಿಗೆ ಸ್ಥಾನವುಂಟು, ಪರಿಮಾಣವಿಲ್ಲ ಎಂಬ ರೇಖಾಗಣಿತದ ಮೊದಲ ಪಾಠವನ್ನು ಅಮರಗೋಳದ ಮಕ್ಕಳಿಗೆ ನಾನು ಅನೇಕ ವರ್ಷ ಹೇಳಿದ್ದೇನೆ. ಒಮ್ಮೆ ಒಬ್ಬ ಹುಡುಗನು, “ಅಗಲಾನ ಇಲ್ಲದ್ದು ಇರೂದರೆ ಹ್ಯಾಂಗ್ರೀ, ಸರ?” ಎಂದು ಕೇಳಿದನು. ಅದು ಕಲ್ಪನೆಯೆಂದು ಹೇಳಿ ಕೂಡ್ರಿಸಿದೆನು. ಭೌತವಿಜ್ಞಾನಿಗಳಿಗೆ ಮಾತ್ರ ಆ ಪ್ರಶ್ನೆಯಿಂದ ಅಷ್ಟು ಸುಲಭವಾಗಿ ಪಾರಾಗಲು ಸಾಧ್ಯವಾಗಿಲ್ಲ.

ಥಾಮ್ಸನ್ನರು ೧೮೯೭ರಲ್ಲಿ ಎಲೆಕ್ಟ್ರಾನನ್ನು ಕಂಡುಹಿಡಿದ ಬಳಿಕ ಅದರ ಆಕಾರವೇನೆಂಬ ವಿಚಾರ ಎದ್ದಿತು. ವಿದ್ಯುದಾವೇಶವುಳ್ಳ ಗೋಳದ ಸುತ್ತಣ ಕ್ಷೇತ್ರದಲ್ಲಿ ಶಕ್ತಿಯು ತುಂಬಿರುತ್ತದೆ. ಆವೇಶವನ್ನು ಅಷ್ಟೇ ಇರಿಸಿ ತ್ರಿಜ್ಯವನ್ನು ಅರ್ಧಕ್ಕಿಳಿಸಿದರೆ ಆ ಶಕ್ತಿ ಇಮ್ಮಡಿಯಾಗುತ್ತದೆ. ತ್ರಿಜ್ಯವು ಸೊನ್ನೆಯಾದರೆ ಶಕ್ತಿ ಅನಂತ. ಶಕ್ತಿಯೂ ದ್ರವ್ಯರಾಶಿಯೂ ಒಂದೇ ಆದುದರಿಂದ, ಬಿಂದುರೂಪದ ಎಲೆಕ್ಟ್ರಾನು ಅನಂತ ಭಾರವುಳ್ಳದ್ದಾಗಬೇಕು. ಅಳೆದು ನೋಡಿದರೆ ಅದು ಅತ್ಯಂತ ಹಗುರ!

ಹಾಗಾದರೆ ಗೋಳವೆನ್ನೋಣ. ಆಗ ಅದರ ಒಂದು ಭಾಗದ ಆವೇಶವು ಇನ್ನೊಂದನ್ನು ದೂಡಿ ಇಡಿಯ ಗೋಳವೇ ಸಿಡಿಯಬೇಕು. ಅದನ್ನು ಹಿಡಿದಿಡಲು ವಿದ್ಯುತ್ತಲ್ಲದ ಬೇರೊಂದು ಬಲ ಬೇಕೆಂದು ೧೯೦೫ರಲ್ಲಿ ಪ್ವಾಂಕರೆ ಅವರು ತೋರಿಸಿದರು. ಅದು ಪೂರ್ಣ ಗಡುಸಾಗಿರುವಂತೆಯೂ ಇಲ್ಲ. ಒಂದು ಬದಿಯನ್ನು ದೂಡಿದ ಕ್ಷಣವೇ ಮತ್ತೊಂದು ಬದಿ ಸರಿದರೆ ಸಂದೇಶವು ಬೆಳಕಿಗಿಂತ ವೇಗವಾಗಿ ಹೋದಂತಾಯಿತು. ಸಾಪೇಕ್ಷತಾವಾದವು ಇದನ್ನು ಒಪ್ಪದು.

ಈ ಸಮಸ್ಯೆಯ ಚಿಂತನೆ ನಮ್ಮ ನಾಡಿನಲ್ಲಿಯೂ ನಡೆಯಿತೆಂಬುದನ್ನು ವಾಚಕರು ಗಮನಿಸಬೇಕು. ರಜೆಗೆಂದು ೧೯೩೯ರಲ್ಲಿ ಇಂಗ್ಲೆಂಡಿನಿಂದ ಬಂದಿದ್ದ ಹೋಮಿ ಭಾಭಾ ಅವರು, ಯುದ್ಧವು ಆರಂಭವಾದುದರಿಂದ ಹಿಂತಿರುಗದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ಎಲೆಕ್ಟ್ರಾನನ್ನು ಬಿಂದುವೆಂದೇ ಇಟ್ಟುಕೊಂಡು, ಅನಂತವನ್ನು ಕ್ರಮಬದ್ಧವಾಗಿ ಬೇರ್ಪಡಿಸುವ ವಿಧಾನವೊಂದನ್ನು ಡಿರಾಕ್ ಅವರು ೧೯೩೮ರಲ್ಲಿ ಕೊಟ್ಟಿದ್ದರು. ಭಾಭಾ ಅವರು ಕಾರ್ಬೆನ್ನರೊಡನೆ ೧೯೪೧ರಲ್ಲಿ ಅದನ್ನು ಭ್ರಮಣವುಳ್ಳ ಕಣಗಳಿಗೆ ವಿಸ್ತರಿಸಿದರು. ಮುಂದೆ ಜಗದ್ವಿಖ್ಯಾತ ಗಣಿತಜ್ಞರಾದ ಹರೀಶ್‌ಚಂದ್ರ ಅವರು ತಾರುಣ್ಯದಲ್ಲಿ ಬೆಂಗಳೂರಿಗೆ ಬಂದು ಭಾಭಾ ಅವರೊಡನೆ ದುಡಿದದ್ದೂ ಈ ಬಿಂದುಕಣಗಳ ಮೇಲೆಯೇ.

ಡಿರಾಕ್ ಅವರಿಗೇ ಬಿಂದುವು ಸಮಾಧಾನ ಕೊಡಲಿಲ್ಲ. ಎಲೆಕ್ಟ್ರಾನೆಂಬುದು ಆವೇಶವುಳ್ಳ ಪುಟ್ಟ ಗುಳ್ಳೆ, ಅದರ ಪೊರೆಯ ಬಿಗಿತವೇ ಅದನ್ನು ಸಿಡಿಯಗೊಡದು ಎಂದು ೧೯೬೨ರಲ್ಲಿ ಮಂಡಿಸಿದರು. ಎಲೆಕ್ಟ್ರಾನನ್ನೇ ಹೋಲುವ, ಆದರೆ ಅದರ ಸುಮಾರು ೨೦೭ ಪಟ್ಟು ಭಾರವಾದ ಮ್ಯೂಯಾನೆಂಬ ಕಣವುಂಟು. ಅದು ಕಂಪಿಸುತ್ತಿರುವ ಗುಳ್ಳೆಯೇ ಇರಬಹುದೆಂದು ಲೆಕ್ಕ ಹಾಕಿದಾಗ ಬಂದ ಉತ್ತರ ಸುಮಾರು ೫೩ ಪಟ್ಟು. ಕಲ್ಪನೆ ಸೊಗಸಾಗಿತ್ತು, ಉತ್ತರ ಹೊಂದಲಿಲ್ಲ.

ಅಷ್ಟರಲ್ಲಿ ಟೊಮೊನಾಗ, ಶ್ವಿಂಗರ್, ಫೈನ್‌ಮನ್ ಮೊದಲಾದವರು ಬಿಂದುವನ್ನು ಉಳಿಸಿಕೊಂಡೇ, ಅಳೆದು ಕಂಡ ದ್ರವ್ಯರಾಶಿಯನ್ನು ಲೆಕ್ಕದೊಳಗಿಟ್ಟು, ಅನಂತಗಳನ್ನು ನಿವಾರಿಸುವ ದಾರಿ ತೋರಿದ್ದರು. ವಿದ್ಯುತ್ತಿನ ವಿಷಯದಲ್ಲಿ ಅದು ಅದ್ಭುತವಾಗಿ ಫಲಿಸಿತು. ಗುರುತ್ವದ ವಿಷಯದಲ್ಲಿ ಫಲಿಸಲಿಲ್ಲ. ತಂತುಸಿದ್ಧಾಂತಕ್ಕೆ ಎಡೆ ದೊರೆತದ್ದು ಇಲ್ಲಿಯೇ. ವೆನೆಜಿಯಾನೋ ಅವರ ೧೯೬೮ರ ಸೂತ್ರವೊಂದು ಕಂಪಿಸುವ ತಂತುವಿನ ವರ್ಣನೆಯೆಂದು ನಂಬು ಮೊದಲಾದವರು ಎರಡು ವರ್ಷಗಳೊಳಗೆ ಗುರುತಿಸಿದರು; ೧೯೭೪ರಲ್ಲಿ ಶೆರ್ಕ್ ಮತ್ತು ಶ್ವಾರ್ಜ್ ಅವರು ಅದರೊಳಗೆ ಗುರುತ್ವವೂ ಅಡಗಿದೆಯೆಂದರು.

ಧಾರವಾಡದ ಕಡೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ತಂಬೂರಿಯ ಖರ್ಜದ ತಂತಿಯೊಂದನ್ನೇ ಮೀಟಿ ಕಿವಿಗೊಟ್ಟರೆ ಷಡ್ಜದೊಳಗಿಂದ ಗಾಂಧಾರವು ತಾನಾಗಿ ಕೇಳಿಬರುತ್ತದೆ. ಗಾಂಧಾರಕ್ಕೆ ಬೇರೆ ತಂತಿಯಿಲ್ಲ; ಅದೇ ತಂತಿಯು ಐದು ಪಾಲಾಗಿಯೂ ಕಂಪಿಸುವುದರಿಂದ ಆ ಸ್ವರ ಹುಟ್ಟುತ್ತದೆ. ಹಾಗೆಯೇ ನಾವು ಬೇರೆ ಬೇರೆ ಕಣಗಳೆನ್ನುವುವು ಒಂದೇ ಬಗೆಯ ತಂತುವಿನ ಬೇರೆ ಬೇರೆ ಕಂಪನಗಳು ಎಂಬುದು ಈ ಸಿದ್ಧಾಂತ. ಹೋಲಿಕೆಗೆ ಮಿತಿಯುಂಟು: ತಂಬೂರಿಯ ತಂತಿ ಲೋಹದ್ದು, ಲೋಹವು ಪರಮಾಣುಗಳದ್ದು, ಈ ತಂತುವಾದರೋ ಬೇರಾವುದರಿಂದಲೂ ಆದುದಲ್ಲ. ಬಿಗಿತವೇ ಅದರ ಸ್ವಭಾವ. ಎರಡು ತಂತುಗಳು ಕೂಡುವಾಗ, ಎರಡು ಹಳ್ಳಗಳು ಸೇರುವಂತೆ, ಇಲ್ಲಿಯೇ ಕೂಡಿದವು ಎಂದು ಬೆರಳಿಡಬಹುದಾದ ಒಂದು ಬಿಂದು ದೊರೆಯದು. ಅನಂತವು ತಲೆಯೆತ್ತಲು ಎಡೆಯಿಲ್ಲದಂತಾಗುವುದು ಇದರಿಂದಲೇ.

ನಾದ-ಬಿಂದು-ಕಳೆಗಳ ವಿಚಾರವನ್ನು ಬಲ್ಲ ವಾಚಕರಿಗೆ ‘ಇದು ನಮ್ಮಲ್ಲಿ ಮೊದಲೇ ಇತ್ತು’ ಎನ್ನಿಸಬಹುದು. ಹಾಗೆಂದು ಬರೆದವರೂ ಉಂಟು. ನನಗೆ ಅದು ಒಪ್ಪಿಗೆಯಿಲ್ಲ. ಅನುಭಾವದ ಬಿಂದುವಿಗೆ ಅಳತೆಗೋಲಿನ ಸಾಕ್ಷಿ ಬೇಕಿಲ್ಲ. ಭೌತವಿಜ್ಞಾನದ ಬಿಂದುವಿಗೆ ಅದಲ್ಲದೆ ಬೇರೆ ಸಾಕ್ಷಿಯಿಲ್ಲ. ಶಬ್ದಸಾಮ್ಯವನ್ನು ಅರ್ಥಸಾಮ್ಯವೆಂದು ಬಗೆದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಆ ಸಾಕ್ಷಿಯೇ ತಂತುವಿಗೆ ಇನ್ನೂ ದೊರೆತಿಲ್ಲ. ಒಂದು ಮೀಟರನ್ನು ೧೦ರ ೧೮ನೆಯ ಘಾತದಿಂದ ಭಾಗಿಸಿದಷ್ಟು ಸೂಕ್ಷ್ಮದವರೆಗೆ ಪರೀಕ್ಷಿಸಿದರೂ ಎಲೆಕ್ಟ್ರಾನಿನಲ್ಲಿ ಅವಯವವಾವುದೂ ಕಂಡಿಲ್ಲ. ತಂತುವಿನ ಉದ್ದವಾದರೋ ೩೫ನೆಯ ಘಾತದ ಸಮೀಪವೆಂಬುದು ರೂಢಿಯ ಊಹೆ. ಅದು ಕಂಪಿಸಲು ದೇಶಕಾಲಗಳಿಗೆ ಹತ್ತು ಆಯಾಮಗಳೂ ಬೇಕು.

ಆದರೂ ಶೋಧನೆ ನಿಂತಿಲ್ಲ. ತಂತುಸಿದ್ಧಾಂತಿಗಳ ವಿಶ್ವಸಮ್ಮೇಳನವು ೨೦೧೫ರ ಜೂನಿನಲ್ಲಿ ಬೆಂಗಳೂರಿನಲ್ಲಿಯೇ ನೆರೆಯಿತು. ಭಾಭಾ ಅವರು ೧೯೪೫ರಲ್ಲಿ ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಸೇರಿದ ಕೇಂದ್ರವೊಂದು ಈಗ ಆ ನಗರದ ಹೆಸರಘಟ್ಟ ಹೋಬಳಿಯಲ್ಲಿದೆ. ಈ ಸಿದ್ಧಾಂತದ ಅಗ್ರಗಣ್ಯರಾದ ಅಶೋಕ್ ಸೇನ್ ಅವರು ೨೦೨೧ರಲ್ಲಿ ಅಲ್ಲಿಗೆ ಬಂದರು. ಡಿರಾಕ್ ಅವರ ಗುಳ್ಳೆಯಿಂದ ೫೩ ಎಂಬ ತಪ್ಪು ಸಂಖ್ಯೆಯಾದರೂ ಬಂದಿತ್ತು. ತಂತುವಿನಿಂದ ೨೦೭ ಎಂಬ ಆ ಸರಿಯಾದ ಸಂಖ್ಯೆಯನ್ನು ಈವರೆಗೆ ಯಾರೂ ಪಡೆದಿಲ್ಲ.